ಕಥಿ ಬ್ಯಾಡ, ಖರೇದು ಕೊಡ್ರಿ

ಬನಹಟ್ಟಿಯೊಳಗ ಕರೆಂಟ್ ಹೋತಂದ್ರ
ಮೊದಲು ಮಗ್ಗ ನಿಲ್ತಾವ.
ಆಮ್ಯಾಲ ಮಂದಿಗೆ ತಮ್ಮ ದನಿ ತಮಗ ಕೇಳಸ್ತೈತಿ.
ಆಮ್ಯಾಲ ನನ್ನ ಲೈಬ್ರರಿ ಬಾಗಲಾ ಕಿರ್ ಅಂತೈತಿ.

ತಲಿಗೂದಲಾಗ ನೂಲಿನ ಹಿಂಜು, ರೆಪ್ಪಿ ಮ್ಯಾಲೂ ಹಿಂಜು,
ಬಂದವರೆಲ್ಲಾ ಕೇಳೂದು ಒಂದಽ ಮಾತು:
'ಅಕ್ಕಾರ, ಕಥಿ ಬ್ಯಾಡ. ಖರೇದು ಏನರ ಇದ್ರ ಕೊಡ್ರಿ.'

ಖರೇದು ಎಡಗಡೆ ಕಪಾಟಿನ್ಯಾಗ ಐತಿ.
ಹೆಸರು ಕೇಳಬ್ಯಾಡ್ರಿ, ಅರ್ಧಕ್ಕರ್ಧ ರಟ್ಟು ಹರಿದಾವ,
ಗುರುತು ಹೇಳತೀನಿ.

ಕೆಂಪು ಬೈಂಡಿನದು, ಖಾನಾವಳಿ ನಡಿಸಿದಾಕಿ ಬರದದ್ದು:
ಅಡಗಿ ಮಾಡೂದು ಒಂದೂ ಹೇಳಿಲ್ಲ,
ರೊಕ್ಕಾ ಕೊಡದ ಉಂಡು ಹೋದವರ ಹೆಸರು ಮಾತ್ರ
ಊರು ಸಹಿತ ಬರದಾಳ. ಭಾಳ ಛಲೋ ಐತಿ.
ಡಾಕ್ಟರ್ ಒಬ್ಬಾಂವ ತನ್ನ ತಪ್ಪು ಬರಕೊಂಡದ್ದೊಂದು ಐತಿ,
ಜಡ್ಡಾದವರಿಗೆ ನಾ ಕೊಡಂಗಿಲ್ಲ.
ನದಿ ಮ್ಯಾಲ ನಾಕು ಅದಾವ, ಮೂರು ಒಣಾ.
ನೀಲಿ ಬಣ್ಣ ಹಡಗ ಹತ್ತಿ ಎಲ್ಲೆಲ್ಲಿ ಹೋತು ಅನ್ನೂದು ಓದಬೇಕಂದ್ರ
ಬಣ್ಣದ ಮನಿ ಗುರುಬಾಯಿ ಓದಿದ ಪ್ರತೀನಽ ಒಯ್ಯಿರಿ,
ಪುಟಕ್ಕೊಂದು ನೀಲಿ ಹೆಬ್ಬೆಟ್ಟು.

ಕುಣಿಯೂದರ ಮ್ಯಾಲ? ಐತಿ.
ಪರದೇಶದಾಗ ಇಡೀ ರಾತ್ರಿ ಮಂದೀನ ಕುಣಸಿದಾವನ ಆತ್ಮಕಥಿ.
ಕನ್ನಡಕ್ಕ ತಂದಾವ ಎಂದೂ ಕುಣದಾಂವಲ್ಲಂತ
ಮೊದಲ ಪುಟದಾಗಽ ಗೊತ್ತಾಗ್ತೈತಿ, ಆದ್ರೂ ಓದ್ರಿ.
ಒಂದು ಹಾಡಿನ ಬಾಲಕ್ಕ ಇನ್ನೊಂದರ ತಲಿ
ಹಳೇ ಹಾಸಿನ ತುದಿಗೆ ಹೊಸಾ ಹಾಸು ಕೆಚ್ಚಿದಂಗ,
ಗಂಟು ಕೈಗೆ ಹತ್ತಬಾರದು, ಅಂತಾನ.
ಅದನ್ನ ನೇಕಾರಗ ಹೇಳಿಕೊಡಬೇಕ?

ದಸ್ತಗೀರ ಮೋಮಿನಗ ಆ ಪುಸ್ತಕ ನಾನಽ ಕೊಟ್ಟೆ.
ಜಮಖಂಡಿಯಿಂದ ತೇರದಾಳ ತನಕ ಯಾರ ಮದಿವ್ಯಾದ್ರೂ
ಡೀಜೆ ಅವಂದು, ಗಾಡಿ ತುಂಬ ಕರೀ ಪೆಟ್ಟಿಗಿ.
ನಕ್ಕೋತ ಓದಿದ, ನಿಂತಽ ಓದಿದ,
ಕಡೀ ಅಧ್ಯಾಯದ ಹಿಂದಿನದಕ್ಕ ಬಂದು ನಿಂತಬಿಟ್ಟ.
ಹಾಡು ಬಂದಾದಮ್ಯಾಲೂ ಬಂದಾಗದ ಸೀಟಿ
ಕಿವಿಯೊಳಗ ಮನಿ ಮಾಡಿದ್ದು ಅಲ್ಲೆ ಬರ್ತೈತಿ.
ಪುಸ್ತಕ ಮುಚ್ಚಿ ಕೇಳಿದ:
'ಗದ್ದಲ ಇಲ್ಲದ್ದು ಏನರ ಐತೇನ್ರಿ?'
ನಾ ಹೇಳೂವಾಗ ಬಲಮಗ್ಗಲಾ ತಿರುಗಿಸಿದ.
ನಾಕು ವರ್ಷದಿಂದ ಹಂಗಽ ತಿರುಗಿಸ್ತಿದ್ದ ಅಂವ,
ನನಗ ಅವತ್ತು ಕಂಡ್ತು.

ಒಬ್ಬಾಕಿ ಕೆರಿ ದಂಡಿ ಮ್ಯಾಲ ಕುಂತು ಬರದದ್ದು ಕೊಟ್ಟೆ.
ಏನೂ ಆಗಂಗಿಲ್ಲ ಅದರಾಗ, ಮೊದಲಽ ಹೇಳಿಬಿಡ್ತೀನಿ.
ನಲವತ್ತನೇ ಪುಟಕ್ಕ ಒಂದು ಹಕ್ಕಿ ನೀರಿಗೆ ಇಳೀತೈತಿ,
ಎಂಬತ್ತಕ್ಕ ಹಾರ್ತೈತಿ.
ನಡುವ ನಿದ್ದಿ ಬಂದ್ರ ಮಲಗ್ರಿ,
ಆಕಿ ಸಿಟ್ಟಾಗೂ ಪೈಕಿ ಅಲ್ಲ.

ಹದಿನೈದು ದಿನದ ಗಡುವು, ಅಂವ ತಂದದ್ದು ಐವತ್ತಕ್ಕ.
ದಂಡಾ ಇಟ್ಟ, ಮಾತಾಡಲಿಲ್ಲ, ಹೋದ.
ತಗದು ನೋಡಿದ್ರ ಅಂಚಿನ ತುಂಬ ಪೆನ್ಸಿಲ್!
ಅಳಿಸಿ ಜಾಡಿಸಿ ಇಡಬೇಕು, ಅದು ಕಾಯ್ದೆ.
ರಬ್ಬರ ಹಿಡಕೊಂಡು ಕುಂತು ಓದಿದೆ:

*ಸೋಮವಾರ, ೨.೪೦, ಕರೆಂಟ್ ಹೋತು. ಗುಬ್ಬಿ, ಮೂರು.*

*ಬುಧವಾರ. ಎಡಕ್ಕ ಸೀಟಿ. ಬಲಕ್ಕ ಬೇವಿನ ಗಿಡ.*

*ಮಹಾಲಿಂಗಪುರದ ಹಾದಿ, ನಸುಕು ೫.೧೦,
ಮದಿವಿ ಮುಗಿಸಿ ಬರೂವಾಗ. ಹೆಸರು ಗೊತ್ತಿಲ್ಲ.
ಎರಡು ಸಲ ಕೂಗ್ತು. ಗಾಡಿ ಬಂದ್ ಮಾಡಿದೆ.
ಮೂರನೇದಕ್ಕ ಕಾದೆ.*

ಈಗ ಯಾರು ಖರೇದು ಕೇಳಿದ್ರೂ ಇದನ್ನಽ ತೋರಸ್ತೀನಿ.
ಅಚ್ಚಾದದ್ದು ಬಿಟ್ರೂ ನಡೀತೈತಿ, ಅಂಚು ಓದ್ರಿ.
ಹೋದ ವಾರ ಹೆಸರು ಗೊತ್ತಿಲ್ಲ ಅನ್ನೂದರ ಬಾಜೂಕ
ಯಾರೋ ಪೆನ್ನಿಲೆ ಬರದಾರ:
*ಅದು ಟಿಟ್ಟಿಭ. ನಮ್ಮ ಹೊಲದಾಗೂ ಐತಿ.*
ಸಹಿ ಇಲ್ಲ. ಹೆಬ್ಬೆಟ್ಟು ನೀಲಿ.

ಅಗಾ, ಕರೆಂಟ್ ಬಂತು.
ಏನಂದ್ರಿ? ಕೇಳಸವಲ್ದು, ಮಗ್ಗ ಸುರು ಆದುವು.
ಇಲ್ಲೆ, ಈ ಗೆರಿ ಮ್ಯಾಲ
ನಿಮ್ಮ ನಂಬರು ಬರೀರಿ.