ಮೊದಲ ಸಾಲು ಎಲ್ಲಿ

ಪರದೆಯ ಮೇಲೆ ಎಲ್ಲ ಸರಿಯಾಗೇ ಇತ್ತು:
ಎದುರುಬದುರು ಎರಡು ನವಿಲು, ನಡುವೆ ಹೂಕುಂಡ,
ಕೆಳಗೆ ಬಲಮೂಲೆಯಲ್ಲಿ ನೇಕಾರನ ಗುರುತು, ‘ಚೌ’.
ಕಾರ್ಡು ಕೊರೆದೆ, ದಾರ ಪೋಣಿಸಿ ಕೊಟ್ಟು ಕಳಿಸಿದೆ.
ಮೂರನೇ ದಿನ ಚೌಡೇಶಣ್ಣನ ಫೋನು:
“ಏನವ್ವಾ ಸುಭದ್ರಾ, ನಿನ್ನ ನವಿಲು
ಶೀರ್ಷಾಸನ ಹಾಕ್ಯಾವಲ್ಲ!”

ಯಾಕೆ ಅಂತ ಯೋಚಿಸುವ ಮೊದಲೇ
ತಿರುಗಿಸಿಬಿಟ್ಟೆ, ಅರ್ಧ ಸುತ್ತು.
ನವಿಲು ಕಾಲ ಮೇಲೆ ನಿಂತವಂತೆ. ಗೆದ್ದೆ ಅಂದುಕೊಂಡು
ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನಲ್ಲಿ
ಮಂಡಕ್ಕಿ, ಮೆಣಸಿನಕಾಯಿ ತಿಂದೆ.

ಜೋಡಿ ನವಿಲು ಸುಳ್ಳು ಹೇಳುತ್ತವೆ.
ಎಡವನ್ನು ಬಲ ಮಾಡಿದರೂ ಅದೇ ಕೊಕ್ಕು, ಅದೇ ನೋಟ.
ಬಾಯಿಬಿಟ್ಟಿದ್ದು ಅಕ್ಷರ ಮಾತ್ರ:
ಎಡಮೂಲೆಗೆ ಹೋಗಿ
ಕನ್ನಡಿಯೊಳಗಿನ ‘ಚೌ’ ಆಗಿ ಕೂತಿತ್ತು.

ಸಾಲನ್ನು ಕಂಬ ಮಾಡಿದೆ, ಕಂಬವನ್ನು ಸಾಲು.
ಜ್ವರ ಬಂದವರ ಹಾಗೆ ನವಿಲು ಮಗ್ಗುಲಾದವು.

ಕಡೆಗೆ ನವಿಲನ್ನೇ ಅಳಿಸಿದೆ.
ಒಂಬತ್ತೇ ಮನೆ, ಮೂರು ಸಾಲು,
ಮೊದಲ ಮನೆಗೆ ಮಾತ್ರ ಕಪ್ಪು,
ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.
ಮೂರೇ ಕಾರ್ಡು ಹಿಡಿದು ಕೊಂಡ್ಲಹಳ್ಳಿಗೆ ಹೋದೆ.

ಗುಂಡಿಗೆ ಕಾಲು ಇಳಿಬಿಟ್ಟು ಕೂತವನು
ಲಾಳಿ ಹೊಡೆದು ತೋರಿಸಿದ.
ನನ್ನ ಪರದೆಯಲ್ಲಿ ಮೇಲಿದ್ದ ಬೊಟ್ಟು
ಅವನ ಬಟ್ಟೆಯಲ್ಲಿ ಕೆಳಗೆ.
“ನಿನ್ನ ಲೆಕ್ಕ ಎಲ್ಲಿಂದ ಶುರು?”
ಮೇಲಿಂದ, ಅಂದೆ, ಕಾಗದ ಬರೆದಂಗೆ.
“ನಮ್ಮದು ಹೊಟ್ಟೆಯಿಂದ.
ಮೊದಲ ಹೊಕ್ಕು ಹೊಟ್ಟೆ ಹತ್ರ ಬೀಳ್ತೈತೆ,
ಸೀರೆ ಬೆಳೆಯೋದು ಆ ಕಡೀಗೆ.”
ಅಷ್ಟು ಹೇಳಿ ಬೀಡಿ ಹುಡುಕಿದ.

ರಾತ್ರಿ ಕರೆಂಟು ಬಂದ ಮೇಲೆ
ಚಿತ್ರ ಬರೆಯುವ ಸಾಲಿನಲ್ಲಿ ಒಂದೇ ಮಾತು ಬದಲಿಸಿದೆ,
‘ಮೂಲ: ಕೆಳಗೆ’.
ಪರದೆಯ ಮೇಲೂ ನವಿಲು ತಲೆಕೆಳಗಾದವು.
ಎಷ್ಟು ಸಮಾಧಾನ!
ತಪ್ಪು ಈಗ ನನ್ನ ಕಣ್ಣಿಗೂ ತಪ್ಪಾಗೇ ಕಾಣುತ್ತಿದೆ.
ಮಿಕ್ಕದ್ದು ಸುಲಭ: ಸಾಲುಗಳನ್ನು ಮೇಲೆ ಕೆಳಗೆ ಮಾಡುವುದು,
ಒಮ್ಮೆ, ಒಮ್ಮೆ ಮಾತ್ರ.

ಕತ್ತರಿಸಿ ತೆಗೆದ ಆ ಮೊದಲ ತುಂಡು, ಮುಕ್ಕಾಲು ಗಜ,
ರೇಷ್ಮೆ ಲೆಕ್ಕಕ್ಕೆ ನನ್ನ ಕೂಲಿಯಲ್ಲೇ ಮುರಿದುಕೊಂಡರು.
ನನ್ನ ಹತ್ತಿ ಸೀರೆಯ ಸೆರಗಿಗೆ ಹೊಲಿದುಕೊಂಡೆ.
ಎದುರು ಬಂದವರೆಲ್ಲ ಕತ್ತು ವಾರೆ ಮಾಡಿ ನೋಡುತ್ತಾರೆ.
ನಾನು ಕೂತು, ಸೆರಗು ಮಡಿಲಿಗೆಳೆದುಕೊಂಡು
ತಲೆ ಬಗ್ಗಿಸಿದರೆ
ನೆಟ್ಟಗೆ ನಿಂತಿರುತ್ತವೆ ಎರಡೂ.