ಲೆಕ್ಕದಲ್ಲಿ ಇಪ್ಪತ್ತಾರು

ಹಳಿಗೆ ಮಂಜು ಕವಿದಾಗ ಡ್ರೈವರಿಗೆ ಕೇಳಲೆಂದು
ಗಾಲಿಯಡಿ ಸಿಡಿಸುವ ಪಟಾಕಿಯ ಡಬ್ಬಿ ಇದು.
ಅರಸೀಕೆರೆ ಜಂಕ್ಷನ್ನಿನ ಪಾಯಿಂಟ್ಸ್‌ಮನ್ ಚೌಡಪ್ಪ, ನಮ್ಮಪ್ಪ,
ಖಾಲಿಯಾದ ಮೇಲೆ ತಂದುಕೊಟ್ಟ.
ಕೆಂಪು ಬಣ್ಣ ಮುಕ್ಕಾಲು ಹೋಗಿದೆ.
ಮೂಸಿ ನೋಡಿ, ಈಗಲೂ ಮದ್ದಿನ ವಾಸನೆ.
ಆನೆ ಒಂಟೆ ಹಿಪ್ಪೋ ಸೀಲ್
ಐವತ್ತೆರಡು ವರ್ಷದಿಂದ ಅದನ್ನೇ ಉಸಿರಾಡಿಕೊಂಡು ಇವೆ.

ಒಂದೊಂದೂ ಹುಣಸೆಬೀಜಕ್ಕಿಂತ ಚೂರು ದೊಡ್ಡದು.
ಬಿನಾಕಾ ಪೇಸ್ಟಿನ ಪೆಟ್ಟಿಗೆಯೊಳಗೆ ಬರುತ್ತಿದ್ದವು.
ಬಿ.ಎಚ್. ರಸ್ತೆಯ ಮಾಣಿಕ್‌ಚಂದರ ಅಂಗಡಿಯಲ್ಲಿ
ಪೆಟ್ಟಿಗೆ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆ.
ಕೊಟಕ್ ಅಂದರೆ ದಪ್ಪ ಪ್ರಾಣಿ,
ಕಿಟಿಕಿಟಿ ಅಂದರೆ ಕಾಲು ಉದ್ದದ್ದು.
"ಏನವ್ವಾ, ತೆಂಗಿನಕಾಯಿ ಆರಿಸ್ತಿದೀಯಾ?" ಅನ್ನೋರು.

ಅಪ್ಪನಿಗೆ ಬೇವಿನ ಕಡ್ಡಿ, ಅಜ್ಜಿಗೆ ಇದ್ದಿಲು,
ಅವ್ವನಿಗೆ ಉಪ್ಪು ಬೂದಿ. ಪೇಸ್ಟು ನನಗೊಬ್ಬಳಿಗೆ,
ಹುಳುಕು ಹಲ್ಲಿಗೆಂದು ರೈಲ್ವೆ ಡಾಕ್ಟರು ಹೇಳಿದ್ದು.
ಒಂದು ಟ್ಯೂಬು ಮೂರು ತಿಂಗಳು.
ಮೂರು ತಿಂಗಳಿಗೊಂದು ಪ್ರಾಣಿ!
ಹಿತ್ತಲಿನ ಕನಕಾಂಬರದ ಬುಡಕ್ಕೆ ಕದ್ದು ಹಿಂಡುತ್ತಿದ್ದೆ.
ಗಿಡ ಒಣಗಿತು. ಅಜ್ಜಿ ದೃಷ್ಟಿಯೆಂದುಕೊಂಡು
ಅದಕ್ಕೆ ಮೆಣಸಿನಕಾಯಿ ನಿವಾಳಿಸಿದಳು.

ಸಮುದ್ರಕ್ಕೆ ಮುಂಚೆ ಸೀಲ್ ಕಂಡವಳು ನಾನು.

ಎದುರು ಸಾಲಿನ ಗಾರ್ಡ್ ರೆಬೆಲ್ಲೊ ಮನೆಯಲ್ಲಿ
ಏಳೂ ಜನಕ್ಕೆ ಪೇಸ್ಟು.
ಅವರ ಮಗಳು ಫೆಲ್ಸಿಯ ಹತ್ತಿರ ನೀಲಿ ಕಾಂಗರೂ ಇತ್ತು,
ಹೊಟ್ಟೆಚೀಲದಿಂದ ಇಣುಕುವ ಮರಿಯ ಸಮೇತ.
ಮರಿಯನ್ನು ಬೇರೆ ಎಣಿಸಬೇಕೋ ಬೇಡವೋ ಎಂದು
ಹತ್ತು ದಿನ ಟೂ ಬಿಟ್ಟಿದ್ದೆವು.

ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು.
ಸಾಮಾನು ಕಟ್ಟಲು ನಾನೂ ಹೋದೆ.
ಹುಲ್ಲು ತುಂಬಿದ ಪೆಟ್ಟಿಗೆ, ಪಿಂಗಾಣಿ ತಟ್ಟೆ,
ಗೋಡೆಯಿಂದ ಇಳಿಸಿದ ಏಸುವಿನ ಹಿಂದೆ ಹಲ್ಲಿಮೊಟ್ಟೆ.
ಲಂಗಕ್ಕೆ ಜೇಬಿರಲಿಲ್ಲ.
ಕಾಂಗರೂವನ್ನು ಬಾಯಿಗೆ ಹಾಕಿಕೊಂಡೆ,
ಕೆನ್ನೆಗೂ ಹುಳುಕು ಹಲ್ಲಿಗೂ ನಡುವೆ.
ರೈಲು ಹೊರಟಿತು. ಫೆಲ್ಸಿ "ಹೋಗ್ಬರ್ತೀನಿ ದಾಕ್ಷಿ" ಅಂದಳು.
ನಾನು ಬಾಯಿ ಬಿಡಲಿಲ್ಲ.
ದುಃಖಕ್ಕೆ ಅಂದುಕೊಂಡರು ಎಲ್ಲರೂ.

ಮದುವೆಯ ಹೊಸದರಲ್ಲಿ ಇವರು,
ಟ್ರಂಕಿನ ತಳದಲ್ಲಿ ಡಬ್ಬಿ ಕಂಡು, ಒಡವೆಯೆಂದು
ಬಾಗಿಲು ಹಾಕಿ ಬಂದು ಮುಚ್ಚಳ ತೆಗೆದರು.
ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ, ಪಾಪ.

ಹಾಸನದ ಖಜಾನೆಯಲ್ಲಿ ಮೂವತ್ತೊಂದು ವರ್ಷ
ಕಂಡವರ ದುಡ್ಡಿನ ಲೆಕ್ಕ ಬರೆದೆ.
ಒಂದು ರೂಪಾಯಿ ಆಚೀಚೆ ಆಗಿದ್ದಿಲ್ಲ.
ಮನೆಯಲ್ಲಿ ಮಾತ್ರ, ಡಬ್ಬಿ ಸುರಿದು ಎಣಿಸಿ,
ಇಪ್ಪತ್ತಾರು ಎಂದು ಮುಚ್ಚುತ್ತೇನೆ.
ನೀಲಿಯ ಮೇಲೆ ಬೆರಳು ಹಾಗೇ ಹಾದುಹೋಗುತ್ತದೆ.

ಹೋದ ವರ್ಷ ಫೆಲ್ಸಿಯ ಅಣ್ಣ ತೀರಿಕೊಂಡ.
ಮಣ್ಣು ಅರಸೀಕೆರೆಯಲ್ಲೇ ಆಗಲಿ ಎಂದಿದ್ದನಂತೆ.
ಇಗರ್ಜಿಯ ಬೇಲಿ ಹತ್ತಿರ ಅವಳು ಕೋಲೂರಿ ನಿಂತಿದ್ದಳು.
ಹಲ್ಲು ಕಟ್ಟಿಸಿಕೊಂಡಿದ್ದಾಳೆ. ನನ್ನವೂ ಅರ್ಧ ಕಟ್ಟಿಸಿದ್ದೇ.
ಇಂಜಿನ್ನಿನ ಬಿಸಿನೀರಲ್ಲಿ ಮೊಟ್ಟೆ ಬೇಯಿಸಿದ್ದು ನೆನೆದಳು.
ಪ್ರಾಣಿಗಳ ಮಾತು ಎತ್ತಲಿಲ್ಲ.
ನನ್ನ ಕೈಚೀಲದಲ್ಲಿ, ಕರ್ಚೀಫಿನ ಗಂಟಿನಲ್ಲಿ, ಅದು.
ಕೊಡಲೆಂದೇ ತಂದದ್ದು.
ಒಂದು ಸಲ ಗಂಟು ಬಿಚ್ಚಿಯೂ ಆಗಿತ್ತು.

"ಅವತ್ತು ಸ್ಟೇಷನ್ನಲ್ಲಿ ನೀನು ಒಂದು ಮಾತೂ ಆಡಲಿಲ್ಲ ಕಣೇ,"
ಅಂದಳು, ನನ್ನ ಕೈ ಹಿಡಿದು.
"ನನಗೋಸ್ಕರ ಅಷ್ಟು ಸಂಕಟಪಟ್ಟವರು
ಆಮೇಲೆ ಯಾರೂ ಸಿಗಲಿಲ್ಲ."

ಆಗಲೂ ಬಾಯಿ ಬಿಡಲಿಲ್ಲ ನಾನು.

ಸಂಜೆಯ ಪ್ಯಾಸೆಂಜರಿಗೆ ಹಾಸನಕ್ಕೆ ಬಂದೆ.
ಕಾಲು ತೊಳೆದೆ. ಡಬ್ಬಿ ಸುರಿದೆ. ಇಪ್ಪತ್ತಾರು.
ದೀಪದ ಹತ್ತಿರ ಹಿಡಿದರೆ
ಮರಿಯ ಮೂಗಿನ ಮೇಲೆ ಸಣ್ಣದೊಂದು ತಗ್ಗು.
ನನ್ನ ಹಲ್ಲಿನದೇ ಇರಬೇಕು.