ಆರು ತರದ ಕಪ್ಪು

ಮುಹರ್ರಕ್‌ನ ಹಳೇ ಗಲ್ಲಿಯಲ್ಲಿ
ನಮ್ಮದು ಅಬಾಯಾ ಹೊಲಿಯುವ ಅಂಗಡಿ.
ಹದಿನಾಲ್ಕು ಮಿಷನ್ನು, ಕತ್ತರಿಸುವ ಮೇಜು ಒಂದು,
ಮೇಜಿನ ತಲೆಗೆ ಐತಪ್ಪ ಮಾಸ್ಟ್ರು.
ನಾನು ಲೆಕ್ಕ ಬರೆಯುವವಳು. ಪರ್ಮಿಟ್ಟು, ರಜೆ, ಓವರ್‌ಟೈಮು
ಎಲ್ಲ ನನ್ನ ಕಪಾಟಿನಲ್ಲಿ.

ಕಪ್ಪು ಬಟ್ಟೆ, ಕಪ್ಪು ದಾರ, ಕಪ್ಪು ಗುಂಡಿ.
ಕಪ್ಪಲ್ಲೂ ಆರು ತರ ಉಂಟು, ಅನ್ನುತ್ತಿದ್ದರು:
ಕಾಗೆಯದು, ಕಾಡಿಗೆಯದು, ಬಾಣಲೆ ತಳದ್ದು.
ಉಳಿದ ಮೂರು ಹೇಳಿದರೆ ನಿನಗೆ ತಿಳಿಯದು.
ಹೋದ ರಂಜಾನಿನ ಹೊತ್ತಿಗೆ
ಆರೂ ಸೇರಿ ಒಂದೇ ಆಗಿದ್ದವು.

ಹೇಳಲಿಲ್ಲ ಯಾರಿಗೂ.
ಹೇಗೆ ಹೇಳುವುದು? ಅರವತ್ತೆರಡು.
ಎರಡು ವರ್ಷಕ್ಕೊಮ್ಮೆ ಪರ್ಮಿಟ್ಟಿನ ಮುದ್ರೆ.
ಕಣ್ಣು ಮಂಜು ಅಂದರೆ
ತಾನೇ ತನ್ನ ಟಿಕೇಟು ತೆಗೆದ ಹಾಗೆ.
ಸೂಜಿ ಪೋಣಿಸಲು ಶಫೀಕುಲ್‌ನನ್ನು ಕರೆಯುವರು:
'ಕೈಯೆಲ್ಲ ಎಣ್ಣೆ ಮಾರಾಯ, ಸ್ವಲ್ಪ ಪೋಣಿಸು.'
ಒಣ ಕೈ.
ಅವನು ಪೋಣಿಸುವನು, ಮತ್ತೆ ಹತ್ತು ಹೆಚ್ಚಿಗೆ ಪೋಣಿಸಿ
ಮೇಜಿನ ಅಂಚಿಗೆ ಚುಚ್ಚಿಟ್ಟು ಹೋಗುವನು.

ಒಂದು ಬೆಳಿಗ್ಗೆ ಅಳತೆ ಟೇಪಿನ ಮೇಲೆ
ಐದಿಂಚಿಗೆ ಒಂದು ಗಂಟು, ಹತ್ತಕ್ಕೆ ಎರಡು.
ಯಾರ ಕೆಲಸ? ಹದಿನಾಲ್ಕು ಮಿಷನ್ನೂ ಜೋರಾಗಿ ಓಡಿದವು.
ಮಾಸ್ಟ್ರು ಬೆರಳಾಡಿಸಿದರು, ಏನೂ ಕೇಳದೆ
ಐವತ್ತಾರಕ್ಕೆ ಚಾಕ್ ಎಳೆದರು.

ಆದರೂ ಆಯಿತು.
ಮದುಮಗಳ ಅಬಾಯಾ, ಜಪಾನಿನ ಬಟ್ಟೆ,
ಕತ್ತರಿಸಿದ ತೋಳು ಎರಡೂ ಎಡಗೈಯದು.
ಬದ್ರಿಯಾ ಮೇಡಂ ಎರಡನ್ನೂ ಕಿಟಕಿಗೆ ಹಿಡಿದು ನೋಡಿದರು.
ನನ್ನ ಮೂರನೇ ಡ್ರಾವರಿನಲ್ಲಿ ಕ್ಯಾನ್ಸಲ್ ಫಾರಂ
ತಾನಾಗಿ ಸರಿದಂತೆ ಕೇಳಿಸಿತು ನನಗೆ.
'ಎಷ್ಟು ದಿನದಿಂದ?' ಕೇಳಿದ್ದು ನನ್ನನ್ನು.
ಗೊತ್ತಿಲ್ಲ ಅಂದೆ.
'ಎಣ್ಣೆ ಕೈಯವರಿಗೆ ಯಾರಾದರೂ ರೇಷ್ಮೆ ಕೊಡುತ್ತಾರಾ?'
ಅಂದು, ಕಾರಿನ ಕೀಲಿ ಹುಡುಕುತ್ತಾ ಹೊರಟರು.
ಅಂದರೆ ಅವರಿಗೂ.

ಮುಂದಿನ ವಾರ ಬಂತು
ಭೂತಗನ್ನಡಿ ಕೂಡಿಸಿದ ದೀಪ,
ಬೆನ್ನು ಇರುವ ಎತ್ತರದ ಕುರ್ಚಿ,
ಕಪ್ಪಿನ ಅಂಚು ಕಾಣಲೆಂದು ಮೇಜಿಗೆ ಬಿಳಿ ರೆಕ್ಸಿನ್ನು.
ಕತ್ತರಿ ಶಫೀಕುಲ್‌ಗೆ. ಮಾಸ್ಟ್ರಿಗೆ
ಹೊಲಿದದ್ದನ್ನು ಮುಟ್ಟಿ ನೋಡುವ ಕೆಲಸ, ಸಂಬಳ ಅಷ್ಟೇ.
ಕಾಗದ ನಾನೇ ಬರೆದೆ. ಬದಲಾವಣೆಗೆ ಕಾರಣ
ಎಂಬ ಚೌಕದೊಳಗೆ ಬಹಳ ಹೊತ್ತು ಪೆನ್ನು ಊರಿ
'ಅನುಭವ' ಎಂದು ತುಂಬಿದೆ.

ಮತ್ತೇನಾದರೂ ಬೇಕಾ, ಮೇಡಂ ಕೇಳಿದರು.
ಮಾಸ್ಟ್ರು ತಮ್ಮ ಚಪ್ಪಲಿ ನೋಡಿಕೊಂಡರು.
ಮೂವತ್ತೊಂದು ವರ್ಷದ ಅರಬ್ಬಿ ಇದ್ದರೂ
ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:
'ಬೆರಳು ಕೊಟ್ಟರೆ ಹಸ್ತ ನುಂಗಿದ ಅನ್ನಬಾರದು.
ರೂಮಿನಲ್ಲಿ ಕೆಳಗಿನ ಮಂಚ.'

ಹಿದ್ದ್‌ನ ಹೊಸ ಕ್ಯಾಂಪು. ಹಾಸಿಗೆ ಹಂಚಿದ್ದು ಕಂಪ್ಯೂಟರು.
ಇವರಿಗೆ ಮೇಲಿನದು. ಕಬ್ಬಿಣದ ಏಣಿ, ಐದು ಮೆಟ್ಟಿಲು,
ರಾತ್ರಿ ಎರಡು ಸಲ ಉಚ್ಚೆಗೆ ಇಳಿಯಬೇಕು,
ಒಂದು ದಿನ ನಾಲ್ಕೇ ಎಂದುಕೊಂಡರಂತೆ.
ಮೊಣಕಾಲಿನ ಆ ನೇರಳೆ ಕಲೆ
ಮೇಜು ತಾಗಿದ್ದು ಎಂದಿದ್ದರು. ನಾನು ನಂಬಿದ್ದೆ,
ಆ ವಾರದ ಹಾಜರಿಯಲ್ಲಿ ಅರ್ಧ ದಿನ ಕಡಿದಿದ್ದೆ ಕೂಡ.

ಕ್ಯಾಂಪಿಗೆ ಫೋನು. ಕೆಳಗೆ ಖಾಲಿ ಇಲ್ಲ,
ಪಟ್ಟಿಯ ಪ್ರಕಾರವೇ, ಅಂದ ಅಲ್ಲಿನವನು.
ಮೇಡಂ ಫೋನು ಕಸಿದುಕೊಂಡರು.
ಅವರಾಡಿದ್ದರಲ್ಲಿ ನನಗೆ ತಿಳಿದದ್ದು ಎರಡೇ ಪದ,
ಎರಡೂ ಇಲ್ಲಿ ಬರೆಯುವಂಥವಲ್ಲ.
ಅಷ್ಟರಲ್ಲಿ ಶಫೀಕುಲ್, ಕತ್ತರಿ ಕೆಳಗಿಡದೆ:
'ನಾನು ನಿನ್ನೆಯೇ ದಿಂಬು ಮೇಲೆ ಎಸೆದಿದ್ದೇನೆ.
ಇವರೇ ಇಳಿಯಲು ಒಪ್ಪಲಿಲ್ಲ, ಕೇಳಿ.'

ಈಗ ಇಳಿದಿದ್ದಾರೆ.
ದೀಪ ಮಾತ್ರ ಹಚ್ಚುವುದಿಲ್ಲ, ಅದು ಸೆಕೆ ಎನ್ನುತ್ತಾರೆ;
ಅದರ ಕೊಕ್ಕೆಗೆ ಊಟದ ಡಬ್ಬಿಯ ಚೀಲ.
ನಿನ್ನೆ ಸಂಜೆ ಕರೆದರು. ಬಾ ಇಲ್ಲಿ, ಕೈ ಕೊಡು,
ಕಣ್ಣು ಮುಚ್ಚು. ಅಂಗೈಯ ಮೇಲೆ ಒಂದು ತುಂಡು ಇಟ್ಟರು.
'ಇದು ನಾಲ್ಕನೇ ಕಪ್ಪು. ಗೊತ್ತಾಯಿತಾ?'

ಗಟ್ಟಿಯಾಗಿ ಮುಚ್ಚಿದೆ. ಬೆರಳಾಡಿಸಿದೆ.
ನನಗೆ ಸಿಕ್ಕಿದ್ದು ಬರೀ ಬಟ್ಟೆ.